ಒಂದು ಮಾರು ದೂರ

ನಮ್ಮೂರಿನ ಹೆಂಗಸರಿಗೆಲ್ಲ ಕಾರು ಓಡಿಸಲು ಬರುತ್ತದೆ, ಆದರೆ ಒಂದು ಮಾರು ದೂರ ಮಾತ್ರ. ಶೆಡ್ಡಿನ ಒಳಗಿನಿಂದ ಬಾಗಿಲಿನ ತನಕ ಮುಂದಕ್ಕೆ, ಅಲ್ಲಿಂದ ಮತ್ತೆ ಒಳಕ್ಕೆ. ಮೊದಲನೇ ಗೇರು, ರಿವರ್ಸ್ ಗೇರು ಬಿಟ್ಟು ಬೇರೆ ಗೇರನ್ನು ನಾವು ಯಾರೂ ಮುಟ್ಟಿದವರಲ್ಲ. ನಿಂಬೆಹಣ್ಣು ಒಡೆಯಲು ಅಷ್ಟು ದೂರ ಸಾಕು. ಹಣ್ಣನ್ನು ಚಕ್ರಕ್ಕೆ ತಾಗಿಸಿ ಇಡುವುದು ನಮ್ಮಲ್ಲಿ ಮೋಸ ಎನಿಸಿಕೊಳ್ಳುತ್ತದೆ. ಒಂದು ಮಾರು ಮುಂದೆ ಇಡಬೇಕು, ಕಾರು ತಾನಾಗಿ ಅಷ್ಟು ದೂರ ಹೋಗಿ ಅದನ್ನು ತುಳಿಯಬೇಕು.

ಪ್ರತಿ ಅಮಾವಾಸ್ಯೆಯ ಬೆಳಿಗ್ಗೆ ಬೀದಿಯುದ್ದಕ್ಕೂ ಹಳೆಯ ಎಂಜಿನ್ನುಗಳು ಕೆಮ್ಮುತ್ತ, ಗೊರಗುಟ್ಟುತ್ತ ಏಳುತ್ತವೆ. 'ಬರ್ತೀನಿ' ಎಂದು ಹೇಳಿ ಹೊರಟ ಮನೆಯವರು ದಾರಿಯಲ್ಲೋ ಪರಊರಿನಲ್ಲೋ ತೀರಿಕೊಂಡರೆ, ಅವರ ಕಾರು ನಿಂಬೆಹಣ್ಣು ಒಡೆಯುತ್ತಿರುವಷ್ಟು ಕಾಲ ನಮ್ಮೂರಿನಲ್ಲಿ ಅವರು ತೀರಿಕೊಂಡಿಲ್ಲ, ಹೊರಗೆ ಹೋಗಿದ್ದಾರೆ. ದಹನ ಎಲ್ಲೋ ಆಗಿರುತ್ತದೆ, ಬೂದಿ ಯಾವುದೋ ಹೊಳೆ ಸೇರಿರುತ್ತದೆ. ಅದೆಲ್ಲ ಆ ಊರುಗಳ ಲೆಕ್ಕ. ನಮ್ಮೂರಿನ ಲೆಕ್ಕ ನಿಂಬೆಹಣ್ಣು. ಬೇರೆ ದಿನ ಎದುರಾದವರನ್ನು ತಿಂಡಿ ಆಯಿತಾ ಎಂದು ಕೇಳುವ ಹಾಗೆ ಆ ದಿನ 'ನಿಮ್ಮನೇದು ಒಡೀತಾ?' ಎಂದು ಕೇಳುತ್ತೇವೆ. 'ಒಡೀತು' ಎಂದರೆ ಮುಗಿಯಿತು, ಇನ್ನೊಂದು ತಿಂಗಳು ಯಾರೂ ಏನೂ ಕೇಳುವುದಿಲ್ಲ.

ನಮ್ಮ ಮನೆಯವರು, ಶ್ರೀಕಂಠಯ್ಯನವರು, ಹೊರಗೆ ಹೋಗಿ ಹನ್ನೊಂದು ವರ್ಷವಾಗಿತ್ತು. ಸ್ನೇಹಿತರ ಮಗಳ ಮದುವೆಗೆಂದು ಬಸ್ಸಿನಲ್ಲಿ ಹೋದರು. ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದವರು ಊರು ಬಂದಾಗ ಏಳಲಿಲ್ಲ. ಹೊರಡುವಾಗ ಹೊಸಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತ 'ಬರ್ತೀನಮ್ಮ' ಅಂದಿದ್ದರು. ಅದು ಅತ್ತೆಗೆ ಹೇಳಿದ ಮಾತು. ನಾನು ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದೆ, ಕೇಳಿಸಿತು. ನನಗೆ ಬೇರೆಯಾಗಿ ಹೇಳುವ ರೂಢಿ ಅವರಿಗೆ ಇರಲಿಲ್ಲ. ನಮ್ಮ ಸಂಸಾರದಲ್ಲಿ ಜಗಳವಾಡಿದ್ದು ನನಗೆ ನೆನಪಿಲ್ಲ, ಕೂತು ಮಾತಾಡಿದ್ದೂ ಅಷ್ಟಾಗಿ ನೆನಪಿಲ್ಲ. ಭಾನುವಾರ ಬಂತೆಂದರೆ ಅವರು ಕಾರಿನ ಕೆಳಗೆ ಮಲಗಿರುತ್ತಿದ್ದರು. ನಾನು ಶೆಡ್ಡಿನ ಬಾಗಿಲಲ್ಲಿ ನಿಂತು ಕಾಫಿ ಎಂದರೆ ಕೆಳಗಿನಿಂದ ಒಂದು ಕೈ ಹೊರಗೆ ಬಂದು, ಲೋಟ ಇಲ್ಲಿಡು ಎಂದು ನೆಲ ತಟ್ಟಿ ತೋರಿಸಿ, ಒಳಗೆ ಹೋಗುತ್ತಿತ್ತು. ಮುಖಕ್ಕಿಂತ ಆ ಕೈ ನನಗೆ ಚೆನ್ನಾಗಿ ಪರಿಚಯ. ಹೆಬ್ಬೆರಳಿನ ಉಗುರಿನ ಕೆಳಗೆ ಎಷ್ಟು ತೊಳೆದರೂ ಹೋಗದ ಒಂದು ಕಪ್ಪು ಗೆರೆ ಇತ್ತು. ಮದುವೆಮನೆಗಳಲ್ಲಿ ಪಕ್ಕದ ಎಲೆಗೆ ಕೂತಾಗ ನಾನು ಆ ಗೆರೆಯನ್ನೇ ನೋಡುತ್ತಿದ್ದೆ.

ಹೊರಗೆ ಹೋದವರ ಮನೆಯಲ್ಲಿ ಏನನ್ನೂ ಬದಲಿಸುವಂತಿಲ್ಲ, ಬಂದಾಗ ಅವರಿಗೆ ಗುರುತು ಸಿಗಬೇಕಲ್ಲ. ಗೋಡೆಗೆ ಅದೇ ಬಣ್ಣ, ಬಾಗಿಲಿಗೆ ಅದೇ ಬೀಗ. ಕಾರಿನ ಕನ್ನಡಿ ಅವರ ಎತ್ತರಕ್ಕೆ, ಸೀಟು ಅವರ ಕಾಲಿಗೆ. ನಾನೋ ಗಿಡ್ಡಿ. ಬೆನ್ನಿಗೆ ಎರಡು ದಿಂಬು ಕೊಟ್ಟುಕೊಂಡು, ಕಾಲುಬೆರಳ ತುದಿಯಲ್ಲಿ ಕ್ಲಚ್ಚು ಒತ್ತುತ್ತಿದ್ದೆ. ಕನ್ನಡಿಯಲ್ಲಿ ನನಗೆ ಕಾಣುತ್ತಿದ್ದದ್ದು ಶೆಡ್ಡಿನ ತಗಡು. ಹೊರಗೆ ಹೋದವರಿಗಾಗಿ ಅಳುವಂತಿಲ್ಲ, ಅಪಶಕುನ. ಅವರ ವಿಷಯ ಬಂದಾಗ 'ಇದ್ದರು', 'ಇತ್ತು' ಅನ್ನುವಂತಿಲ್ಲ. ನಾನು ಶಾಲೆಯಲ್ಲಿ ಕನ್ನಡ ಹೇಳಿಕೊಡುತ್ತೇನೆ. ಕ್ಲಾಸಿನಲ್ಲಿ ಮಕ್ಕಳಿಂದ ಭೂತಕಾಲದ ವಾಕ್ಯಗಳನ್ನು ಬರೆಸಿ, ಮನೆಗೆ ಬಂದು ಅತ್ತೆಯ ಎದುರು ಕೂತು, 'ಅವರಿಗೆ ಹುರುಳಿ ಸಾರು ಅಂದರೆ ಇಷ್ಟ' ಎಂದು ವರ್ತಮಾನಕಾಲದಲ್ಲಿ ಊಟ ಮಾಡುತ್ತಿದ್ದೆ.

ಕಬ್ಬಿನ ಪೆಟ್ರೋಲು ಬಂದದ್ದು ಎರಡು ಬೇಸಿಗೆ ಹಿಂದೆ. ಅದರ ನಿಜವಾದ ಹೆಸರು ಬೇರೆ ಇರಬೇಕು. ಕಬ್ಬಿನಿಂದ ತೆಗೆದ ಸ್ಪಿರಿಟ್ಟು ಬೆರೆಸಿದ್ದು ಎಂದು ಬಂಕಿನಲ್ಲಿ ಬೋರ್ಡು ಹಾಕಿದ್ದರಿಂದ ನಾವು ಹಾಗೆ ಕರೆದೆವು. ದೇಶಕ್ಕೆ ಒಳ್ಳೆಯದಂತೆ. ಇರಬಹುದು. ಹೊಸ ಗಾಡಿಗಳು ಅದನ್ನೇ ಕುಡಿದು ಸುಖವಾಗಿ ಓಡಾಡಿಕೊಂಡಿದ್ದವು. ನಮ್ಮ ಹಳೆಯ ಕಾರುಗಳಲ್ಲಿ ಮೊದಲು ಶುರುವಾದದ್ದು ವಾಸನೆ. ಶೆಡ್ಡಿನ ಬಾಗಿಲು ತೆಗೆದರೆ ಪೆಟ್ರೋಲು ಮೂಗಿಗೆ ಬಡಿಯುತ್ತಿತ್ತು. ಆಮೇಲೆ ಎಂಜಿನ್ನು ಹಿಡಿಯುವುದು ತಡವಾಯಿತು. ಒಂದು ಸಲಕ್ಕೆ ಏಳುತ್ತಿದ್ದದ್ದು ಏಳೆಂಟು ಸಲ ಕೀ ತಿರುಗಿಸಿದರೂ ಬರೀ ನರಳುತ್ತಿತ್ತು.

ಗ್ಯಾರೇಜಿನ ದಸ್ತಗೀರನಿಗೆ ಮೊದಮೊದಲು ಏನೂ ತಿಳಿಯಲಿಲ್ಲ. ಪ್ಲಗ್ಗು ಅಂದ, ಪ್ಲಗ್ಗು ಬದಲಾಯಿಸಿದ. ಬ್ಯಾಟರಿ ಅಂದ, ಅದೂ ಆಯಿತು. ನಮ್ಮೂರಿನ ರೂಢಿಯಂತೆ ಅವನು ಕಾರನ್ನು ಕಾರು ಎನ್ನುವುದಿಲ್ಲ, ಯಜಮಾನರ ಲೆಕ್ಕದಲ್ಲೇ ವಿಚಾರಿಸುತ್ತಾನೆ. "ಹೆಂಗವ್ರೆ ನಮ್ ಸಾರು? ಇವತ್ತು ಸಿಟ್ಟಲ್ಲಿ ಅವ್ರಾ?" ಎನ್ನುತ್ತ ಬರುವವನು, ಒಂದು ದಿನ ಬಾನೆಟ್ ಎತ್ತಿ ಪೆಟ್ರೋಲಿನ ಪೈಪನ್ನು ಎಳೆದ. ಅದು ಅವನ ಬೆರಳಿಗೆ ಅಂಟಿಕೊಂಡು ಎಳೆಎಳೆಯಾಗಿ ಬಂತು.

"ನೋಡಕ್ಕ, ರಬ್ಬರು ಬೆಲ್ಲದ ಪಾಕ ಆಗೋಗದೆ," ಅಂದ. "ಕಾರ್ಬೊರೇಟ್ರು ಒಳಗೆ ಗೋಂದು. ಟ್ಯಾಂಕಲ್ಲಿ ತುಕ್ಕು. ಎಲ್ಲಾ ಆ ಸ್ಪಿರಿಟ್ಟಿನ ಕೆಲ್ಸ. ಗಾಳಿಲಿರೋ ನೀರೆಲ್ಲ ಕುಡೀತದೆ ಅದು. ಕುಡ್ದು ಕುಡ್ದು, ಭಾರ ಆಗಿ, ತಳದಾಗೆ ಕೂತ್ಕತದೆ."

"ಮತ್ತೆ ಬೇರೆ ಗಾಡಿಗಳಿಗೆ ಏನೂ ಆಗಿಲ್ವಲ್ಲ?"

"ಓಡೋ ಗಾಡಿಲಿ ಅದಕ್ಕೆ ಕೂರಕ್ಕೆ ಟೇಮೇ ಸಿಗಕಿಲ್ಲ ಕಣಕ್ಕ, ಉರುದೋಯ್ತದೆ. ಇದು ತಿನ್ನೋದು ನಿಂತಿರೋ ಗಾಡಿನ."

ಆ ಮಾತನ್ನು ನಾನು ಮನೆಯೊಳಗೆ ತರಲಿಲ್ಲ. ಶೆಡ್ಡಿನಲ್ಲೇ ಬಿಟ್ಟು, ಬಾಗಿಲು ಹಾಕಿಕೊಂಡು ಬಂದೆ. ಆದರೂ ಅನ್ನಕ್ಕೆ ನೀರಿಡುವಾಗ, ಜಡೆ ಹೆಣೆದುಕೊಳ್ಳುವಾಗ ಅದು ಕಿಟಕಿಯ ಹತ್ತಿರ ಬಂದು ನಿಲ್ಲುತ್ತಿತ್ತು.

ಮೊದಲು ನಿಂತದ್ದು ಎದುರು ಮನೆಯ ಸರ್ವಮಂಗಳಕ್ಕನ ಯಜಮಾನರ ಕಾರು. ಆ ಅಮಾವಾಸ್ಯೆ ಅವರು ಬೆಳಗಿನಿಂದ ಕೀ ತಿರುಗಿಸಿದರು, ಹ್ಯಾಂಡಲು ಹಾಕಿ ತಿರುವಿದರು, ಹೊತ್ತು ಇಳಿಯಿತು, ನಿಂಬೆಹಣ್ಣು ಇಟ್ಟಲ್ಲೇ ಇತ್ತು. ಸೂರ್ಯ ಮುಳುಗಿದ ಮೇಲೆ ಬಾನೆಟ್ ಎತ್ತಿ ಕಡ್ಡಿ ಕೊಟ್ಟು ನಿಲ್ಲಿಸಿದರು. ಬಾನೆಟ್ ಎತ್ತಿ ನಿಲ್ಲಿಸಿದರೆ ಮನೆಯವರು ಹೋದರು ಎಂದು ಅರ್ಥ. ಬೀದಿಯವರೆಲ್ಲ ಹೋದೆವು. ಒಬ್ಬೊಬ್ಬರಾಗಿ ಕಾರಿನ ಮುಂದೆ ನಿಂತು, 'ಒಳ್ಳೆಯವರಿದ್ದರು', 'ತಮಾಷೆ ಮಾಡುತ್ತಿದ್ದರು' ಎಂದು ಅಷ್ಟು ವರ್ಷ ಹೇಳದೆ ಕಟ್ಟಿಟ್ಟ ಮಾತುಗಳನ್ನು ಹೇಳಿದರು. ಸರ್ವಮಂಗಳಕ್ಕ ನೆಲದ ಮೇಲೆ ಕಾಲು ಚಾಚಿ ಕೂತು, ಬಾಯಿ ತೆರೆದು ಅತ್ತರು. ಬೆಳಗಿನ ಆ ನಿಂಬೆಹಣ್ಣನ್ನು ಉಪ್ಪಿಗೆ ಹಾಕಿ, ಜಾಡಿಯ ಬಾಯಿ ಕಟ್ಟಿ, ಅಟ್ಟದ ಮೇಲಿಟ್ಟರು. ಒಂದು ವರ್ಷದ ಮೇಲೆ ಅದನ್ನು ಹೆಚ್ಚಿ ಬೀದಿಗೆಲ್ಲ ಹಂಚಬೇಕು.

ಅವರ ಅಳು ನಿಂತ ಮೇಲೂ ನನ್ನ ಕಿವಿಯಲ್ಲಿ ಉಳಿಯಿತು. ನನಗೆ ಮರುಕವಾಗಬೇಕಿತ್ತು, ಆಯಿತು ಕೂಡ. ಅದರ ಜೊತೆಗೆ ಇನ್ನೇನೋ ಆಯಿತು, ಹೋಟೆಲಿನಲ್ಲಿ ಪಕ್ಕದ ಮೇಜಿಗೆ ಬಂದ ತಟ್ಟೆ ನೋಡಿದ ಹಾಗೆ. ಮುಂದಿನ ತಿಂಗಳು ಅವರು ಮನೆಗೆ ಹಳದಿ ಬಣ್ಣ ಹೊಡೆಸಿದರು. ಕಣ್ಣು ಕುಕ್ಕುವಂಥ ಹಳದಿ.

"ಇಂದೂ, ಬಣ್ಣ ಚೆನ್ನಾಗಿದ್ಯೇನೇ?" ಎಂದು ಗೇಟಿನಲ್ಲಿ ನಿಂತು ನನ್ನನ್ನು ಕೇಳಿದರು.

"ಸ್ವಲ್ಪ ಜೋರಾಯ್ತೇನೋ ಅಕ್ಕ."

"ಆಗ್ಲಿ ಬಿಡು. ಇಪ್ಪತ್ತು ವರ್ಷ ಆ ಬೂದಿ ಬಣ್ಣ ನೋಡಿ ನೋಡಿ ನಾನೇ ಗೋಡೆ ಆಗಿದ್ದೆ."

ನಾನು ನಕ್ಕೆ. ಮನೆಯೊಳಗೆ ಬಂದು ನಮ್ಮ ಗೋಡೆ ನೋಡಿದೆ. ನಮ್ಮದು ತಿಳಿ ಹಸಿರು.

ನನಗಿದ್ದ ಹೆದರಿಕೆ ಅತ್ತೆಯದು. ಅವರಿಗೆ ಎಂಬತ್ತು ದಾಟಿತ್ತು. ಅಮಾವಾಸ್ಯೆಯ ಬೆಳಿಗ್ಗೆ ಎಂಜಿನ್ನಿನ ಶಬ್ದ ಕೇಳುವ ತನಕ ಅವರು ನೀರು ಕೂಡ ಮುಟ್ಟುತ್ತಿರಲಿಲ್ಲ. ಜಗಲಿಯ ಕಂಬಕ್ಕೆ ಒರಗಿ, ಸೆರಗಿನ ತುದಿಯನ್ನು ಬಾಯಿಗೆ ಒತ್ತಿ ಹಿಡಿದು ಕಾಯುವರು. ನಿಂಬೆಹಣ್ಣು ಪಚಕ್ಕೆಂದ ಮೇಲೆ, 'ಹೂಂ' ಎಂದು ಒಂದು ಸಲ ಹೇಳಿ ಒಳಗೆ ಹೋಗಿ ಕಾಫಿಗೆ ಕೇಳುವರು. ಹನ್ನೊಂದು ವರ್ಷ ಆ 'ಹೂಂ' ನನ್ನ ತಿಂಗಳ ಸಂಬಳ ಇದ್ದ ಹಾಗೆ. ಮಗ ಕೊಟ್ಟು ಹೋದ ಮಾತನ್ನು ವ್ರತ ಹಿಡಿದ ಹಾಗೆ ಹಿಡಿದು ಕೂತಿದ್ದಾರೆ, ಅದು ಕೈಬಿಟ್ಟ ದಿನ ಅವರು ಉಳಿಯಲಾರರು ಎಂದು ನಾನು ನಂಬಿದ್ದೆ. ಹಾಗಾಗಿ ಕಾರು ನಿಲ್ಲುವಂತಿರಲಿಲ್ಲ. ನನಗೇನು ಬೇಕು ಎಂದು ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

"ಒಂದೇ ದಾರಿ ಅಕ್ಕ," ಅಂದ ದಸ್ತಗೀರ್. "ಪೆಟ್ರೋಲು ತೊಳೀಬೇಕು."

ನಮ್ಮ ಹಿತ್ತಲಲ್ಲಿ ಸೇರಿದ್ದ ಹೆಂಗಸರೆಲ್ಲ ಗೊಳ್ಳೆಂದರು. "ಸೀಗೆಪುಡೀಲಾ, ಸೋಪಲ್ಲಾ?" ಎಂದು ಸರ್ವಮಂಗಳಕ್ಕ ಕೇಳಿದರು. ಅವರ ಕಾರು ಹೋಗಿದ್ದರೂ ನೋಡಲು ಬಂದಿದ್ದರು.

"ನಗಾಡ್ಬೇಡಿ. ಬರೀ ನೀರಲ್ಲಿ," ಎಂದು ಅವನು ತೋರಿಸಿಕೊಟ್ಟ. ಗಾಜಿನ ಭರಣಿಗೆ ಪೆಟ್ರೋಲು ಹಾಕಿ, ಮೇಲೆ ಒಂದಿಷ್ಟು ನೀರು ಹಾಕಿ, ಅಲುಗಾಡಿಸಿ ಇಟ್ಟ. ಮೊದಲು ಎಲ್ಲ ಕಲಸಿ ಮಜ್ಜಿಗೆಯಾಯಿತು. ನಾವು ನೋಡುತ್ತಿದ್ದಂತೆ ನಡುವೆ ದಾರ ಎಳೆದ ಹಾಗೆ ಒಂದು ಗೆರೆ ಮೂಡಿತು. ಸ್ಪಿರಿಟ್ಟು ನೀರಿನ ಜೊತೆ ಸೇರಿಕೊಂಡು ಕೆಳಗೆ ಮಂಕಾಗಿ ಕೂತಿತು, ಪೆಟ್ರೋಲು ಮೇಲೆ ತಿಳಿಯಾಗಿ ನಿಂತಿತು. "ಮೇಲಿಂದು ನಮ್ದು, ಕೆಳಗಿಂದು ಚೆಲ್ಲೋದು. ಮರೀಬೇಡಿ. ಒಲೆ ಹತ್ರ ಮಾತ್ರ ತರ್ಬೇಡಿ, ಊರೇ ಒಡೆದೋಯ್ತದೆ."

ಹೀಗೆ ನಾವು ಪೆಟ್ರೋಲು ತೊಳೆಯುವವರಾದೆವು. ಹಿತ್ತಲುಗಳಲ್ಲಿ ಸಾಲಾಗಿ ಭರಣಿಗಳು. ಸಂಡಿಗೆ ಕಾಯುವ ಹಾಗೆ ಅದಕ್ಕೂ ಕಾಯುತ್ತಿದ್ದೆವು. ನನ್ನ ಕೈ ಒಣಗಿ ಬಿಳಿಚಿತು, ಹೆಬ್ಬೆರಳಿನ ಸಂದಿಯಲ್ಲಿ ಸಣ್ಣ ಸಣ್ಣ ಬಿರುಕು ಬಿಟ್ಟಿತು. ಶಾಲೆಯಲ್ಲಿ ಮಕ್ಕಳು 'ಮಿಸ್ ಹತ್ತಿರ ಬಂಕಿನ ವಾಸನೆ' ಎಂದು ಪಿಸುಗುಟ್ಟುವುದು ಕೇಳಿಸುತ್ತಿತ್ತು. ತೊಳೆದ ಪೆಟ್ರೋಲಿನಲ್ಲಿ ಎಂಜಿನ್ನು ಟಕಟಕ ಎಂದು ಬಡಿದುಕೊಳ್ಳುತ್ತಿತ್ತು, ಆದರೂ ಒಂದು ಮಾರು ಹೋಗುತ್ತಿತ್ತು. ಅತ್ತೆ ಜಗಲಿಯಿಂದ ಹಿತ್ತಲಿಗೆ ಬಂದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ನನ್ನನ್ನು ನೋಡುತ್ತಿದ್ದರು. ಗೆರೆ ಮೂಡುವ ತನಕ ನಾವಿಬ್ಬರೂ ಭರಣಿಯ ಮೇಲೆ ಕಣ್ಣಿಟ್ಟು ಕಾಯುತ್ತಿದ್ದೆವು.

"ಇಷ್ಟೊಂದು ಕಷ್ಟ ಪಡ್ತೀಯಲ್ಲೇ," ಎಂದು ಒಮ್ಮೆ ಅಂದರು.

"ಏನು ಕಷ್ಟ ಅತ್ತೆ, ಎರಡು ಭರಣಿ," ಅಂದೆ.

ಅವರು ನನ್ನ ಕೈ ಹಿಡಿದು ತಿರುಗಿಸಿ ನೋಡಿದರು. ಹೆಬ್ಬೆರಳನ್ನು ತಮ್ಮ ಸೆರಗಿನಲ್ಲಿ ಒರೆಸಿದರು. ಆಮೇಲೆ ಎದ್ದು ಒಳಗೆ ಹೋದರು.

ಕಾರ್ತಿಕ ಕಳೆದು ಬಂದ ಅಮಾವಾಸ್ಯೆಯ ಹಿಂದಿನ ಮಧ್ಯಾಹ್ನ, ದಸ್ತಗೀರ್ ಟ್ಯಾಂಕು ಇಳಿಸಿ ತುಕ್ಕು ತೊಳೆದು ಮತ್ತೆ ಕೂರಿಸಿ ಹೋಗಿದ್ದ. ಟ್ಯಾಂಕು ಖಾಲಿ. ತೊಳೆದ ಪೆಟ್ರೋಲು ಹಾಕುವುದೊಂದೇ ಬಾಕಿ. ಭರಣಿಯಲ್ಲಿ ಪೆಟ್ರೋಲು, ನೀರು ಎರಡೂ ಹಾಕಿ ಅಲುಗಾಡಿಸಿ ಇಟ್ಟಿದ್ದೆ. ಅಷ್ಟರಲ್ಲಿ ಶಾಲೆಯಿಂದ ಪರೀಕ್ಷೆಯ ಕೆಲಸಕ್ಕೆ ಕರೆ ಬಂತು.

"ನೀನು ಹೋಗ್ಬಾ," ಅಂದರು ಅತ್ತೆ. "ನಾನು ತೊಳೆದು ಹಾಕಿರ್ತೀನಿ."

"ನಿಮ್ಮ ಕೈಲಿ ಆಗುತ್ತಾ?"

"ನೀನು ಹುಟ್ಟೋಕೆ ಮುಂಚಿಂದ ತೊಳೀತಿದೀನಿ ಕಣೇ, ಅಕ್ಕೀನೋ ಬೇಳೆನೋ. ಇದೇನು ಮಹಾ."

ನಾನು ಬರುವಷ್ಟರಲ್ಲಿ ಭರಣಿಗಳು ತೊಳೆದು ಬೋರಲು ಹಾಕಿದ್ದವು. ಹಿತ್ತಲ ಬಚ್ಚಲಿನಲ್ಲಿ ಪೆಟ್ರೋಲಿನ ವಾಸನೆ ಹೆಚ್ಚೇ ಇತ್ತು. ಅದು ಯಾವಾಗಲೂ ಇರುವಂಥದ್ದೇ ಎಂದುಕೊಂಡೆ.

ಬೆಳಿಗ್ಗೆ ಒಂದು ಮಾರು ಅಳೆದು ನಿಂಬೆಹಣ್ಣು ಇಟ್ಟೆ. ಕುಂಕುಮ ಹಚ್ಚಿದೆ. ಬೆನ್ನಿಗೆ ದಿಂಬು ಕೊಟ್ಟುಕೊಂಡು ಕೂತು ಕೀ ತಿರುಗಿಸಿದೆ. ಎಂಜಿನ್ನು ಮೊದಲ ಸಲಕ್ಕೇ ಹಿಡಿಯಿತು. ಎಷ್ಟೋ ತಿಂಗಳಿಂದ ಹಾಗೆ ಹಿಡಿದಿರಲಿಲ್ಲ, ಖುಷಿಯಾಯಿತು. ಗೇರು ಹಾಕಿ ಕ್ಲಚ್ಚು ಬಿಟ್ಟೆ. ಕಾರು ಮುಂದೆ ಸರಿಯಿತು, ಬಿಕ್ಕಿತು, ಇನ್ನೊಂದಿಷ್ಟು ಸರಿಯಿತು, ಮತ್ತೆ ಬಿಕ್ಕಿ ನಿಂತುಹೋಯಿತು. ಆಮೇಲೆ ಎಷ್ಟು ತಿರುಗಿಸಿದರೂ ಬರೀ ಕ್ರೀಂ ಎಂಬ ಸದ್ದು. ಇಳಿದು ನೋಡಿದೆ. ಚಕ್ರಕ್ಕೂ ನಿಂಬೆಹಣ್ಣಿಗೂ ಒಂದು ಗೇಣು ಉಳಿದಿತ್ತು.

ಎದುರು ಮನೆಯಿಂದ ಸರ್ವಮಂಗಳಕ್ಕ ಬಂದರು. ಇನ್ನಿಬ್ಬರು ಬಂದರು. ಯಾರೂ 'ಒಡೀತಾ' ಎಂದು ಕೇಳಲಿಲ್ಲ. ದಸ್ತಗೀರ್ ಓಡಿಬಂದು, ಪೈಪು ಬಿಚ್ಚಿ, ಒಂದು ತಟ್ಟೆಗೆ ಎರಡು ಹನಿ ಬೀಳಿಸಿ ಬೆರಳಲ್ಲಿ ಉಜ್ಜಿ ನೋಡಿದ. "ನೀರಿದು ಅಕ್ಕ. ಕಾರ್ಬೊರೇಟ್ರಲ್ಲಿ ಹಳೇದು ಎರಡು ಗುಟುಕಿತ್ತು, ಅದಕ್ಕೇ ಎದ್ದು ಬಿತ್ತು. ಯಾರು ತೊಳೆದೋರು?"

"ನಾನಪ್ಪ," ಎಂದರು ಅತ್ತೆ ಜಗಲಿಯಿಂದ.

"ಮೇಲಿಂದು ಹಾಕುದ್ರಾ ಕೆಳಗಿಂದಾ ಅಜ್ಜಿ?"

"ತೊಳೆದ್ಮೇಲೆ ಮೇಲಿಂದು ಚೆಲ್ಲೋದಲ್ವೇನಪ್ಪ? ಅಕ್ಕಿ ತೊಳೆದು ಅಕ್ಕೀನ ಚೆಲ್ಲಿ ಕಲಗಚ್ಚಿಗೆ ಎಸರಿಡ್ತಾರಾ ನಿಮ್ಮನೇಲಿ?"

ದಸ್ತಗೀರ್ ಹಣೆ ಚಚ್ಚಿಕೊಂಡ. ನಗಬಾರದ ಹೊತ್ತಿನಲ್ಲಿ ಸರ್ವಮಂಗಳಕ್ಕ ಸೆರಗು ಅಡ್ಡ ಹಿಡಿದು ನಕ್ಕರು. "ತೊಳಿ ಅಂತ ಹೇಳಿಕೊಟ್ಟಿದ್ದು ನಿಂದೇ ತಪ್ಪು ಕಣೋ," ಎಂದು ಅವನಿಗೇ ಬೈದರು.

"ಏನೂ ಆಗಿಲ್ಲ ಬಿಡಿ," ಅಂದ ಅವನು. "ಹೊತ್ತು ಮುಳುಗೋವರೆಗೂ ಟೇಮದೆ. ಟ್ಯಾಂಕು ಇಳಿಸಿ, ಒರೆಸಿ, ನನ್ ಡಬ್ಬದಾಗಿರೋ ತೊಳೆದಿದ್ದು ಹಾಕ್ತೀನಿ. ಮಧ್ಯಾಹ್ನದ ಊಟಕ್ಕೆ ಮುಂಚೆ ಸಾರು ನಿಂಬೆಹಣ್ಣು ತುಳೀತಾರೆ." ಹೇಳುತ್ತಲೇ ಕಾರಿನ ಕೆಳಗೆ ನುಸುಳಿದ.

ಅತ್ತೆಗೆ ಅಷ್ಟು ಹೇಳೋಣವೆಂದು ಒಳಗೆ ಹೋದೆ. ಅವರು ಅಡುಗೆಮನೆಯಲ್ಲಿ ಕೂತು ಅಕ್ಕಿ ತೊಳೆಯುತ್ತಿದ್ದರು. ಪಕ್ಕದಲ್ಲಿ ಕಾಫಿ ಲೋಟ ಇತ್ತು, ಖಾಲಿ. ನಿಂಬೆಹಣ್ಣು ಒಡೆಯದೆ ಅವರು ಕಾಫಿ ಕುಡಿದದ್ದನ್ನು ನಾನು ನೋಡಿಯೇ ಇರಲಿಲ್ಲ.

"ಅತ್ತೆ, ಹೆದರ್ಬೇಡಿ. ಸರಿ ಮಾಡ್ತಾನಂತೆ. ಟೈಮಿದೆ."

"ಹೂಂ," ಎಂದರು. ಅಕ್ಕಿಯ ನೀರನ್ನು 'ನೋಡು' ಎನ್ನುವಂತೆ ನಿಧಾನವಾಗಿ ಬಗ್ಗಿಸಿ ಚೆಲ್ಲಿದರು. "ಎಷ್ಟು ತಿಂಗಳಿಂದ ಆ ಕಲ್ಲಿನ ಮೇಲೆ ಕೂತು ನೋಡ್ತಿದೀನಿ. ಮೇಲಿಂದು ಇಟ್ಕೊಂಡು ಕೆಳಗಿಂದು ಚೆಲ್ಲಬೇಕು ಅಂತ ನಂಗೆ ಗೊತ್ತಿಲ್ವೇನೇ?"

ನಾನು ಬಾಗಿಲಲ್ಲೇ ನಿಂತೆ. "ಮತ್ತೆ ಈಗ ಅಲ್ಲಿ ಅಕ್ಕಿ ಕಥೆ ಹೇಳಿದ್ರಿ?"

"ಜನಕ್ಕೆ ಏನಾದ್ರೂ ಹೇಳ್ಬೇಕಲ್ಲ. ಮುದುಕಿಗೆ ಮರುಳು ಅಂದ್ಕೊಳ್ಲಿ."

"ಯಾಕತ್ತೆ ಹೀಗ್ಮಾಡಿದ್ರಿ?"

ಅವರು ಪಾತ್ರೆಗೆ ಮತ್ತೆ ನೀರು ಹಾಕಿದರು. "ಬರ್ತೀನಿ ಅಂತ ಅಂದಿದ್ದು ಅವ್ನು ನಂಗೆ. ಮಾತು ಕೊಟ್ಟೋನ ಕೈಲಿ ತೀರಿಸೋಕೆ ಆಗ್ಲಿಲ್ಲ ಅಂದ್ರೆ ಇಸ್ಕೊಂಡೋರು ಬಿಟ್ಬಿಡ್ಬೇಕು. ನಾನು ಯಾವತ್ತೋ ಬಿಡ್ತಿದ್ದೆ. ನಿನ್ನ ಮುಖ ನೋಡಿ ಸುಮ್ನಿದ್ದೆ. ಪಾಪ, ಗಂಡ ಇದಾನೆ ಅಂತ ದಿಂಬು ಇಟ್ಕೊಂಡು, ಕಾಲು ಎಟುಕಿಸ್ಕೊಂಡು ಒದ್ದಾಡ್ತಾಳೆ, ನಾನ್ಯಾಕೆ ಕಿತ್ಕೊಳ್ಲಿ ಅಂತ."

"ನಾನು ನಿಮಗೋಸ್ಕರ ಮಾಡ್ತಿದ್ದೆ ಅತ್ತೆ," ಅಂದೆ. ನನ್ನ ಧ್ವನಿ ನನಗೇ ಬೇರೆ ಯಾರದೋ ಅನ್ನಿಸಿತು. "ಅಮಾವಾಸ್ಯೆ ದಿನ ನೀವು ನೀರೂ ಮುಟ್ಟದೆ ಕಾಯ್ತಿದ್ರಲ್ಲ."

"ಕಾಯ್ತಿದ್ನಾ? ಆ ಎಂಜಿನ್ ಶಬ್ದ ಕೇಳಿದ್ರೆ ನಂಗೆ ಹೊಟ್ಟೆ ತೊಳಸುತ್ತೆ ಕಣೇ. ಕುಡಿದಿದ್ದೆಲ್ಲ ಕಕ್ಬಿಡ್ತೀನಿ ಅಂತ ಏನೂ ಮುಟ್ತಿರ್ಲಿಲ್ಲ." ಅವರು ತಲೆ ಎತ್ತಿ ನನ್ನನ್ನು ನೋಡಿದರು. "ಮಗ ಬಂದ ಹಾಗೇ ಗುರುಗುಟ್ಟುತ್ತೆ. ಆಮೇಲೆ ನಿಲ್ಲುತ್ತೆ. ನೀನೊಬ್ಳೇ ಇಳಿದು ಬರ್ತೀಯ."

ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ, ಅಷ್ಟು ವರ್ಷ ನಾವು ಒಬ್ಬರಿಗಾಗಿ ಒಬ್ಬರು ಸುಮ್ಮನಿದ್ದೆವು. ನಾನು ಅವರ ಎದುರು ಕೂತೆ. ಪಾತ್ರೆಯಲ್ಲಿ ನೀರು ತಿಳಿಯಾಗಿ, ತಳದಲ್ಲಿ ಅಕ್ಕಿ ಕಾಣುತ್ತಿತ್ತು.

"ದಸ್ತಗೀರನಿಗೆ ಏನು ಹೇಳ್ಲಿ?"

"ನಂಗೆ ಕೊಟ್ಟಿದ್ದ ಮಾತು ನಾನು ಬಿಟ್ಟೆ. ನಿನ್ನ ಹತ್ರ ಅವನದ್ದು ಏನಿದ್ಯೋ ಅದು ನಿಂದು. ಅದನ್ನ ನಾನು ಹೇಳೋಕಾಗಲ್ಲ."

ಶೆಡ್ಡಿಗೆ ಹೋದೆ. ಮನೆಯವರ ಹಳೆಯ ಚಪ್ಪಲಿ, ಅವರ ಕೊಡೆ, ಬಾಗಿಲ ಹಿಂದಿನ ಮೊಳೆಗೆ ಅವರ ಶರ್ಟು, ಎಲ್ಲ ಇದ್ದಲ್ಲಿಯೇ ಇದ್ದವು. ಅದರಲ್ಲಿ ಯಾವುದನ್ನೂ ಅವರು ನನಗೆಂದು ಬಿಟ್ಟು ಹೋಗಿರಲಿಲ್ಲ. ಹಾಗೆ ಯೋಚಿಸುತ್ತ ನಿಂತಿದ್ದಾಗ ಕಾರಿನ ಕೆಳಗಿನಿಂದ ಒಂದು ಕೈ ಹೊರಗೆ ಬಂತು.

"ಅಕ್ಕ, ಅಲ್ಲೇ ಸ್ಪ್ಯಾನರ್ ಐತೆ ನೋಡಿ, ಇಲ್ಲಿಡಿ," ಎಂದು ನೆಲ ತಟ್ಟಿ ತೋರಿಸಿತು.

ಎಣ್ಣೆ ಮೆತ್ತಿದ ಅಗಲವಾದ ಕೈ. ನಾನು ಅದರ ಹೆಬ್ಬೆರಳನ್ನೇ ನೋಡಿದೆ. ಉಗುರು ಬೇರೆ ಆಕಾರದ್ದು. ಕಪ್ಪು ಎಲ್ಲ ಬೆರಳಲ್ಲೂ ಇತ್ತು, ಆ ಗೆರೆ ಮಾತ್ರ ಇರಲಿಲ್ಲ. ಪ್ರಪಂಚದ ಯಾವ ಕಾರಿನ ಕೆಳಗಿನಿಂದಲೂ ಆ ಗೆರೆ ಇನ್ನು ಹೊರಗೆ ಬರುವುದಿಲ್ಲ ಎಂಬುದು ನನಗೆ ಹನ್ನೊಂದು ವರ್ಷದಿಂದ ಗೊತ್ತಿತ್ತು. ಅಂದು ಆ ಕೈ ನೆಲ ತಟ್ಟಿದಾಗ ಮೊದಲ ಸಲ ಗೊತ್ತಾಯಿತು.

"ಎದ್ದು ಬಾ ದಸ್ತಗೀರ್," ಅಂದೆ. "ನಾಳೆ ಮಾಡೋಣ."

ಅವನು ತಲೆ ಹೊರಗೆ ಹಾಕಿದ. "ನಾಳೇನಾ? ಇವತ್ತಲ್ವಾ ಅಕ್ಕ ಅಮಾಸೆ?"

"ಗೊತ್ತು."

ಅವನು ಹೊರಗೆ ಬಂದು, ಕೈ ಒರೆಸಿಕೊಂಡು, ಕಾರಿನ ಮುಂದೆ ನಿಂತು ತಲೆಯ ಮೇಲಿನ ಟವಲು ತೆಗೆದ.

ಸಂಜೆ ನಾನೇ ಬಾನೆಟ್ ಎತ್ತಿ ಕಡ್ಡಿ ಕೊಟ್ಟೆ. ಜನ ಬಂದರು. 'ಮಿತಭಾಷಿಗಳಾಗಿದ್ದರು' ಅಂದರು. 'ನಮ್ಮ ಮನೆಯ ಪಂಪು ಅವರೇ ರಿಪೇರಿ ಮಾಡಿಕೊಟ್ಟಿದ್ದರು' ಅಂದರು. ಅತ್ತೆ ಕುರ್ಚಿ ಹಾಕಿಸಿಕೊಂಡು ಎಲ್ಲರ ಮಾತೂ ಕೇಳಿದರು, ನಡುವೆ ಕಣ್ಣೊರೆಸಿಕೊಂಡರು. ನನಗೆ ಅಳು ಬರಲಿಲ್ಲ. ಅಷ್ಟು ವರ್ಷ ಕಾದಿಟ್ಟದ್ದು ಎಲ್ಲಿ ಹೋಯಿತೆಂದು ಒಳಗೆಲ್ಲ ತಡಕಾಡಿದೆ. ಎಲ್ಲರ ನಡುವೆ ನಾನು ಬೇರೆ ಯಾರದೋ ಮನೆಯ ಶೆಡ್ಡಿನಲ್ಲಿ ನಿಂತ ಹಾಗಿತ್ತು.

"ಅಳೇ ಇಂದೂ, ಈಗ ಅಳಬಹುದು," ಎಂದರು ಸರ್ವಮಂಗಳಕ್ಕ, ಭುಜ ಒತ್ತಿ.

"ಬರ್ತಿಲ್ಲ ಅಕ್ಕ."

"ಬರುತ್ತೆ ಬಿಡು, ಅದರಷ್ಟಕ್ಕೆ. ನಾನು ಅವತ್ತು ಅತ್ತಿದ್ದು ನಮ್ಮನೆಯವ್ರಿಗೋ, ಹ್ಯಾಂಡಲು ತಿರುವಿ ತಿರುವಿ ಹಿಡ್ಕೊಂಡಿದ್ದ ಸೊಂಟಕ್ಕೋ, ಇನ್ನೂ ಗೊತ್ತಾಗಿಲ್ಲ."

ನಿಂಬೆಹಣ್ಣನ್ನು ತೊಳೆದು, ಒರೆಸಿ, ಉಪ್ಪಿಗೆ ಹಾಕಿ ಅಟ್ಟಕ್ಕೆ ಏರಿಸಿದೆ.

ಮರುದಿನ ದಸ್ತಗೀರ್ ಹೇಳಿದ ಹಾಗೆ ಬಂದ. ಟ್ಯಾಂಕು ಒರೆಸಿ, ತನ್ನ ಡಬ್ಬದ ಪೆಟ್ರೋಲು ಹಾಕಿ, ಎರಡು ಸಲ ಚಾಲೂ ಮಾಡಿ ಆಫ್ ಮಾಡಿದ. "ಗಾಡಿ ರೆಡಿ ಅಕ್ಕ," ಅಂದ. ಈ ಸಲ 'ಸಾರು' ಅನ್ನಲಿಲ್ಲ. ಅವನು ಹೋದ ಮೇಲೆ ಶೆಡ್ಡಿನಲ್ಲಿ ಬಾಗಿಲಿನ ಉದ್ದದ ಬಿಸಿಲು ಬಿದ್ದಿತ್ತು. ಅತ್ತೆ ಬಂದು, ಕೇಳದೆ, ಹಿಂದಿನ ಸೀಟಿನಲ್ಲಿ ಹತ್ತಿ ಕೂತರು.

"ಎಲ್ಲಿಗೆ ಅತ್ತೆ?"

"ಎಲ್ಲಿಗೂ ಇಲ್ಲ. ಕೂತ್ಕೋಬೇಕು ಅನ್ನಿಸ್ತು."

ನಾನೂ ಮುಂದೆ ಕೂತೆ. ಬೆನ್ನ ಹಿಂದಿನ ದಿಂಬುಗಳನ್ನು ತೆಗೆದು ಪಕ್ಕದ ಸೀಟಿಗೆ ಹಾಕಿದೆ. ಕಾಲು ಎಲ್ಲಿಗೂ ಎಟುಕದೆ ಗಾಳಿಯಲ್ಲಿ ನಿಂತಿತು. ಸೀಟಿನ ಕೆಳಗೆ ಒಂದು ಕಬ್ಬಿಣದ ಹಿಡಿ ಇರುತ್ತದೆಂದು ಗೊತ್ತಿತ್ತು, ಮುಟ್ಟಿರಲಿಲ್ಲ. ಬಗ್ಗಿ ಅದನ್ನು ಎತ್ತಿ ಹಿಡಿದು, ಸೊಂಟದಿಂದ ಮುಂದಕ್ಕೆ ಜಗ್ಗಿದೆ. ಅಲುಗಲಿಲ್ಲ. ತುಕ್ಕು ಕಚ್ಚಿಕೊಂಡಿತ್ತು. ಇನ್ನೊಮ್ಮೆ ಜಗ್ಗಿದೆ. ಅತ್ತೆ ಹಿಂದಿನಿಂದ ಎರಡೂ ಕೈಯಲ್ಲಿ ನನ್ನ ಸೀಟಿನ ಬೆನ್ನನ್ನು ನೂಕಿದರು. ಒಮ್ಮೆಗೇ ಕರಕರ ಎಂದು ಸೀಟು ಮುಂದಕ್ಕೆ ಸರಿದು, ಟಕ್ಕೆಂದು ಕೂತಿತು. ಕ್ಲಚ್ಚು ನನ್ನ ಪಾದದ ಕೆಳಗೆ ತಾನಾಗಿ ಬಂದು ಸೇರಿತು.

"ಅವರ ಕಾಲು ಎಷ್ಟು ಉದ್ದ..." ಎಂದೆ. ವಾಕ್ಯ ಅಲ್ಲಿಗೇ ಮುಗಿಯುತ್ತಿತ್ತು, ಯಾವಾಗಲೂ. "ಉದ್ದ ಇತ್ತು, ಅಲ್ವಾ ಅತ್ತೆ?"

"ಹೂಂ," ಎಂದರು ಅತ್ತೆ ಹಿಂದಿನಿಂದ. "ಉದ್ದ ಇತ್ತು. ಅವರಪ್ಪಂದೂ ಹಾಗೇ ಇತ್ತು."

ನಾನು ಸ್ಟೀರಿಂಗಿನ ಮೇಲೆ ತಲೆಯಿಟ್ಟೆ. ಅಳು ಅದರಷ್ಟಕ್ಕೆ ಬಂತು. ಸೀಟಿನ ಬೆನ್ನ ಮೇಲೆ ಅತ್ತೆಯ ಕೈ ಹಾಗೆಯೇ ಇತ್ತು.